ಕರುಳಿನ ಕಾಯಿಲೆಯ ಜೊತೆಗೆ ಮನಸ್ಸೂ ಕುಗ್ಗಿದೆ, ಯಾರ ಬಳಿ ಹೇಳಿಕೊಳ್ಳಲಿ?

ಪ್ರಶ್ನೆ:
ನನಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣಾಗಿ ರಕ್ತಭೇದಿಯಾಗುವ ಕಾಯಿಲೆ) ಇರುವುದು ತಿಳಿದು ಆರು ವರ್ಷವಾಯಿತು. ಈ ಬಾರಿ ಕಾಯಿಲೆ ಉಲ್ಬಣಿಸಿದ ಮೇಲೆ ನಿದ್ದೆ ಹತ್ತುತ್ತಿಲ್ಲ. ಹೊರಗೆ ಹೊರಟರೆ ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂಬ ಚಿಂತೆಯೇ ಮುಂದೆ ನಿಲ್ಲುತ್ತದೆ, ಎಷ್ಟೋ ಸಲ ಬಾಗಿಲಿಗೆ ಬೀಗ ಹಾಕಿದ ಕೈಯಲ್ಲೇ ಬೀಗ ತೆಗೆದು ಒಳಗೆ ಬಂದುಬಿಡುತ್ತೇನೆ. ಆಪ್ತಸಮಾಲೋಚಕರನ್ನು ಕಾಣೋಣವೆಂದರೆ ಮುಕ್ಕಾಲು ಗಂಟೆ ಎದ್ದುಹೋಗದೆ ಕುಳಿತಿರಲು ನನ್ನಿಂದಾಗದು. ಕರುಳಿನ ವೈದ್ಯರಿಗೆ ಹೇಳಿದರೆ ‘ಎಲ್ಲವೂ ಮನಸ್ಸಿನದೇ’ ಎಂದು ರಕ್ತಸ್ರಾವವನ್ನೂ ಹಗುರವಾಗಿ ಕಂಡಾರು ಎಂಬ ಅಂಜಿಕೆ ಬೇರೆ. ನೀವೆಲ್ಲ ಎಲ್ಲಿಂದ ಆರಂಭಿಸಿದಿರಿ?

ಉತ್ತರ 1:
ಇದೇ ಅಂಜಿಕೆಯಿಂದ ನಾನು ಎರಡು ವರ್ಷ ಬಾಯಿ ಬಿಡಲಿಲ್ಲ, ಅದು ತಪ್ಪಾಯಿತು. ಕರುಳಿನ ಉರಿಯೂತವು ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ, ಉರಿಯೂತವಿದ್ದಾಗ ಹೆಚ್ಚುವ ಪ್ರೋಟೀನನ್ನು ಅಳೆಯುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವಂಥದ್ದು. ಮನಸ್ಸಿನ ಮಾತೆತ್ತಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಕರುಳಿನ ವೈದ್ಯರಿಗೇ ಮೊದಲು ಹೇಳಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ: ಉಲ್ಬಣಕ್ಕೆ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ನಿದ್ದೆ ಕೆಡಿಸಬಲ್ಲದು, ಮನಸ್ಸನ್ನು ಏರುಪೇರು ಮಾಡಬಲ್ಲದು, ರಕ್ತ ಹೋಗಿ ಕಬ್ಬಿಣಾಂಶ ಕುಸಿದಾಗ ಬರುವ ಸುಸ್ತು ಖಿನ್ನತೆಯಂತೆಯೇ ಕಾಣುತ್ತದೆ. ಹಾಗೆಂದು ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ದಿಢೀರನೆ ಬಿಡಬೇಡಿ, ಅದು ಅಪಾಯ. ನಾನು ಎರಡು ವಾರ, ರಾತ್ರಿ ಎಷ್ಟು ಸಲ ಎದ್ದೆ, ಎಷ್ಟು ಗಂಟೆ ಮಲಗಿದೆ, ಯಾವ ದಿನ ಮನೆಯಲ್ಲೇ ಉಳಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಮೇಜಿನ ಮೇಲಿಟ್ಟೆ. ಬಾಯಲ್ಲಿ ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ. ಅವರು ಪೂರ್ತಿ ಓದಿ, ರಕ್ತಪರೀಕ್ಷೆಯ ಚೀಟಿಯ ಜೊತೆಗೆ ಮನೋವೈದ್ಯರಿಗೂ ಪತ್ರ ಬರೆದುಕೊಟ್ಟರು.

ಉತ್ತರ 2:
ನಾನು ಆಪ್ತಸಮಾಲೋಚಕಿ. ಸಮಯ ಗೊತ್ತುಮಾಡುವಾಗಲೇ ಕಾಯಿಲೆಯ ಹೆಸರು ಹೇಳಿ, ನಡುವೆ ಎದ್ದುಹೋಗಬೇಕಾದೀತು ಎಂದು ತಿಳಿಸಿ, ಬಾಗಿಲ ಪಕ್ಕದ ಕುರ್ಚಿಯನ್ನೇ ಕೇಳಿ. ಐದು ಸಲ ಎದ್ದುಹೋದರೂ ನೀವು ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಉಲ್ಬಣದ ದಿನಗಳಲ್ಲಿ ಫೋನ್ ಅಥವಾ ವಿಡಿಯೊ ಕರೆಯಲ್ಲೇ ಮಾತನಾಡಬಹುದು. ಸಿಬಿಟಿ ಎಂದು ಕರೆಯುವ ಮಾತಿನ ಚಿಕಿತ್ಸೆಯಿಂದ ಉರಿಯೂತ ಇಳಿಯುತ್ತದೆಂದು ನಾನು ಹೇಳಲಾರೆ. ಬೀಗ ತೆಗೆದು ಒಳಗೆ ಬರುವಂತೆ ಮಾಡುವ ಆ ಭಯ ಅದರಿಂದ ತಗ್ಗಬಹುದು. ಖಿನ್ನತೆಯ ಕೆಲವು ಮಾತ್ರೆಗಳಿಂದ ಮೊದಲ ದಿನಗಳಲ್ಲಿ ಭೇದಿಯಾಗುವುದುಂಟು, ಆದ್ದರಿಂದ ಕರುಳಿನ ಔಷಧಿಗಳ ಪಟ್ಟಿಯನ್ನು ಮನೋವೈದ್ಯರಿಗೆ ತೋರಿಸಿರಿ. ಬದುಕೇ ಬೇಡವೆಂಬ ಯೋಚನೆ ಬಂದರೆ ಮಾತ್ರ ಯಾವ ಭೇಟಿಗೂ ಕಾಯದೆ, ಆಗಲೇ ಹತ್ತಿರದವರಿಗೆ ಹೇಳಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಪ್ರಶ್ನೆ ಕೇಳಿದವರು:
ಅಂಥ ಯೋಚನೆ ಬಂದಿಲ್ಲ. ಬಂದರೆ ತಂಗಿಗೆ ಹೇಳುತ್ತೇನೆ. ಹಾಳೆಯನ್ನು ನಿನ್ನೆಯಿಂದಲೇ ಬರೆಯಲು ಆರಂಭಿಸಿದೆ. ಮೊದಲ ಸಾಲು: ರಾತ್ರಿ ಎದ್ದದ್ದು ಏಳು ಸಲ, ನಿದ್ದೆ ಮೂರು ಗಂಟೆ.