ಅಪ್‌ಡೇಟ್: ಕ್ಯಾಂಡಲ್ ಫಿಲ್ಟರ್ ತಂದು ಮೂರು ತಿಂಗಳಾಯಿತು

ಸಾಗರದ ಹತ್ತಿರ ನಮ್ಮ ಮನೆ, ಕುಡಿಯಲು ಬಾವಿ ನೀರು. ಮಳೆಗಾಲದಲ್ಲಿ ನೀರು ಕೆಂಪಗಾಗುತ್ತದೆ, ಕರೆಂಟೂ ಇರುವುದಿಲ್ಲ. ಕರೆಂಟ್ ಬೇಡದ ಫಿಲ್ಟರ್ ಯಾವುದು ಒಳ್ಳೆಯದು ಅಂತ ಜೂನ್‌ನಲ್ಲಿ ಕೇಳಿದ್ದೆ. ಕೊನೆಗೆ ಎರಡು ಸೆರಾಮಿಕ್ ಕ್ಯಾಂಡಲ್ ಇರುವ ಸ್ಟೀಲ್ ಫಿಲ್ಟರ್ ತಂದೆವು. ಮೇಲಿನ ಪಾತ್ರೆಗೆ ಹಾಕಿದ ನೀರು ಈ ಪಿಂಗಾಣಿ ಕ್ಯಾಂಡಲ್‌ಗಳ ಮೂಲಕ ಸೋಸಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ.

ಮೊದಲ ವಾರ ಕೆಳಗಿನ ಪಾತ್ರೆಯ ನೀರೂ ಮಬ್ಬಾಗಿಯೇ ಇತ್ತು. ತುಂಬಾ ಬೇಜಾರಾಯಿತು. ಬಿಚ್ಚಿ ನೋಡಿದರೆ ಒಂದು ಕ್ಯಾಂಡಲ್‌ನ ವಾಷರ್ ಓರೆಯಾಗಿ ಕೂತಿತ್ತು. ಆ ಸಂದಿಯಿಂದ ನೀರು ಸೋಸದೆ ಸುಮ್ನೆ ಇಳಿಯುತ್ತಿತ್ತು! ಸರಿಯಾಗಿ ಕೂರಿಸಿ ನಟ್ ಬಿಗಿ ಮಾಡಿದ ಮೇಲೆ ಲೋಟದ ತಳ ಸ್ಪಷ್ಟವಾಗಿ ಕಾಣುತ್ತಿದೆ. ಹೊಸದಾಗಿ ತರುವವರು ಇದನ್ನು ಮೊದಲು ನೋಡಿಕೊಳ್ಳಿ.

ಜೋರು ಮಳೆಯಲ್ಲಿ ಕ್ಯಾಂಡಲ್ ಮೇಲೆ ಕೆಂಪು ಲೋಳೆ ಕಟ್ಟಿ ನೀರು ತೊಟ್ಟಿಕ್ಕುವುದೇ ನಿಧಾನವಾಗುತ್ತದೆ. ಮೆತ್ತನೆ ಬ್ರಷ್‌ನಿಂದ ಬರೀ ನೀರಲ್ಲಿ ಉಜ್ಜುತ್ತೇನೆ, ಸೋಪು ಮುಟ್ಟಿಸುವುದಿಲ್ಲ. ಈಗ ರಾತ್ರಿಯೇ ಕೊಡಪಾನದಲ್ಲಿ ನೀರು ತಿಳಿಯಾಗಲು ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಹಾಕುತ್ತೇವೆ. ಉಜ್ಜುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿದೆ.

ಸೆರಾಮಿಕ್ ಕ್ಯಾಂಡಲ್ ಮಣ್ಣನ್ನೂ ಬಹುಪಾಲು ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ವೈರಸ್ ಅದಕ್ಕಿಂತ ತುಂಬಾ ಸಣ್ಣದು, ನುಸುಳಿ ಬರಬಹುದು. ಅದಕ್ಕೇ ಮಳೆಗಾಲದಲ್ಲಿ ಸೋಸಿದ ನೀರನ್ನೂ ಕುದಿಸುತ್ತೇವೆ. ಮನೆಯಲ್ಲಿ ಚಿಕ್ಕ ಮಗು ಇದೆಯಲ್ವಾ.

ಪಾವಗಡದಿಂದ ಒಬ್ಬರು ತಮಗೂ ಇದೇ ಸಾಕಾ ಅಂತ ಕೇಳಿದ್ದರು. ದಯವಿಟ್ಟು ಬೇಡ. ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ (ನೀರಲ್ಲಿ ಕರಗಿರುವ, ಜಾಸ್ತಿಯಾದರೆ ಹಲ್ಲು-ಮೂಳೆ ಕೆಡಿಸುವ ಅಂಶ) ಜಾಸ್ತಿ. ಕ್ಯಾಂಡಲ್ ಆಗಲಿ, ಕುದಿಸುವುದಾಗಲಿ ಅದನ್ನು ತೆಗೆಯುವುದಿಲ್ಲ. ಮೊದಲು ನೀರು ಪರೀಕ್ಷೆ ಮಾಡಿಸಿ.