ಲಾಗ್ ಓಡುವಾಗ ಟರ್ಮಿನಲ್ ತಡವರಿಸುತ್ತದೆ, ಕಿಟ್ಟಿ ಹಾಕಬಹುದಾ?

ಕಂಕನಾಡಿಯಿಂದ ಪ್ರಶ್ನೆ: ಉಬುಂಟು, 8 ಜಿಬಿ ರ್‍ಯಾಮ್. ದಿನವಿಡೀ ನಾಲ್ಕೈದು ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿಕೊಂಡೇ (ದೂರದಿಂದ ಲಾಗಿನ್ ಆಗಿ) ಕೂತಿರುವ ಕೆಲಸ. ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ದೊಡ್ಡ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಓಡಲಿಕ್ಕೆ ಶುರುವಾದರೆ ಕಂಟ್ರೋಲ್-ಸಿ ಒತ್ತಿದರೂ ನಿಲ್ಲುವುದಿಲ್ಲ. ಕಿಟ್ಟಿ ಅನ್ನುವ ಟರ್ಮಿನಲ್ ಫಾಸ್ಟ್ ಅಂತಾರೆ. ಬಳಸಿದವರು ಉಂಟಾ?

ಮಣಿಪಾಲ: ಉಡುಪಿಯವರಿಗೆ ಕಿಟ್ಟಿ ಬೇಡ ಅನ್ನಲಿಕ್ಕಾಗುತ್ತದಾ ಮಾರಾಯ್ರೆ! ನಾನು ಬಳಸುವುದು ಅದನ್ನೇ. ಇ-ಪುಸ್ತಕದ ಕ್ಯಾಲಿಬರ್ ಮಾಡಿದ ಕೋವಿಡ್ ಗೋಯಲ್ ಅವರದ್ದೇ ಇದೂ. ಅಕ್ಷರ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ (ಜಿಪಿಯು) ಹೋಗುವುದರಿಂದ ಸಿಪಿಯು ಹಗುರ. ಕಂಟ್ರೋಲ್-ಶಿಫ್ಟ್-ಎಂಟರ್‌ಗೆ ಪಕ್ಕದಲ್ಲೇ ಇನ್ನೊಂದು ಶೆಲ್ (ಕಮಾಂಡ್ ಕೊಡುವ ಜಾಗ). ನನಗೆ ಹೆಚ್ಚು ಉಪಕಾರ ಆದದ್ದು ಕಂಟ್ರೋಲ್-ಶಿಫ್ಟ್-ಎಚ್: ಮೇಲೆ ಹೋದ ಸಾಲುಗಳೆಲ್ಲ ಲೆಸ್ ಅನ್ನುವ ಓದುವ ಪ್ರೋಗ್ರಾಮಿನಲ್ಲಿ ಬರುತ್ತವೆ, ಸ್ಲ್ಯಾಶ್ ಹಾಕಿ ಹುಡುಕಬಹುದು. ಆದರೆ ಅದು ತಾನಾಗಿ ಇಟ್ಟುಕೊಳ್ಳುವುದು 2000 ಸಾಲು ಮಾತ್ರ. ಕಿಟ್ಟಿ.ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಸ್ಕ್ರೋಲ್‌ಬ್ಯಾಕ್ (ಇಟ್ಟುಕೊಳ್ಳುವ ಸಾಲು) ಜಾಸ್ತಿ ಮಾಡಿ, ಇಲ್ಲದಿದ್ದರೆ ಬೇಕಾದ ಎರರ್ ಅಷ್ಟರಲ್ಲಿ ಹೋಗಿಯೇ ಬಿಟ್ಟಿರುತ್ತದೆ.

ಮೊದಲ ದಿನ ನನ್ನ ಪಜೀತಿ ಕೇಳಿ. ರಾತ್ರಿ ಹನ್ನೊಂದಕ್ಕೆ ಗ್ರಾಹಕರ ಸರ್ವರ್‌ಗೆ ಹೋದರೆ ಓಡುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಪ್ ತೆರೆಯಲಿಲ್ಲ, ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಯುವ ಬದಲು ಕರ್ಸರ್ ಮುಂದೆ ಹೋಗ್ತದೆ! ‘ಎಕ್ಸ್‌ಟರ್ಮ್-ಕಿಟ್ಟಿ’ ಅಂತ ಕಿಟ್ಟಿ ತನ್ನ ಹೆಸರು ಹೇಳುತ್ತದೆ, ಅದು ಎಂತದು ಅಂತ ಆ ಸರ್ವರ್‌ಗೆ ಗೊತ್ತೇ ಇಲ್ಲ. ‘ಕಿಟನ್ ಎಸ್‌ಎಸ್‌ಎಚ್’ ಅಂತ ಹೋದರೆ ಬೇಕಾದ ಟರ್ಮ್‌ಇನ್ಫೋವನ್ನು (ಟರ್ಮಿನಲ್ಲಿನ ವಿವರದ ಫೈಲ್) ಅದೇ ಅಲ್ಲಿಗೆ ಹಾಕುತ್ತದೆ. ಅದಕ್ಕೆ ಅನುಮತಿ ಇಲ್ಲದ ಕಡೆ ಟರ್ಮಿನಲ್ಲಿನ ಹೆಸರು ಹೇಳುವ ಟರ್ಮ್ ವೇರಿಯೇಬಲ್ಲನ್ನು ಎಕ್ಸ್‌ಟರ್ಮ್-256ಕಲರ್ ಮಾಡಿದರೆ ಸಾಕು.

ಸುರತ್ಕಲ್: ಟರ್ಮಿನಲ್ ಬದಲಿಸುವ ಮೊದಲು ಒಂದು ಪರೀಕ್ಷೆ. ಅದೇ ಲಾಗನ್ನು ಲ್ಯಾಪ್‌ಟಾಪಿಗೆ ತಂದು ಇಲ್ಲೇ ಕ್ಯಾಟ್ ಮಾಡಿ (ಇಡೀ ಫೈಲನ್ನು ಪರದೆಗೆ ಸುರಿಸಿ) ನೋಡಿ. ಇಲ್ಲಿ ಸರಾಗ ಓಡಿದರೆ ತಪ್ಪು ಟರ್ಮಿನಲ್ಲಿನದ್ದಲ್ಲ. ಸರ್ವರಿಂದ ಆಗಲೇ ಹೊರಟ ಸಾಲುಗಳು ದಾರಿಯಲ್ಲಿ ಉಂಟಲ್ಲ, ಕಂಟ್ರೋಲ್-ಸಿ ಒತ್ತಿದರೂ ಅವು ಬಂದೇ ಬರುತ್ತವೆ. ಸರ್ವರಲ್ಲಿ ಟಿಮಕ್ಸ್ ಹಾಕಿ, ಶೆಲ್ಲನ್ನು ಅಲ್ಲೇ ತೆರೆದಿಟ್ಟುಕೊಳ್ಳುವ ಪ್ರೋಗ್ರಾಮು ಅದು; ಪರದೆಗೆ ಬೇಕಾದಷ್ಟನ್ನೇ ಅದು ಕಳಿಸುವುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ರೂಟರ್ ಸತ್ತರೂ ಅಲ್ಲಿನ ಕೆಲಸ ನಿಲ್ಲುವುದಿಲ್ಲ. ಕಿಟ್ಟಿ ಮಾಡಿದವರಿಗೆ ಟಿಮಕ್ಸ್ ಕಂಡರೆ ಆಗುವುದಿಲ್ಲ, ಅದು ಬೇರೆ ವಿಷಯ. ನನ್ನದು ಅಲಾಕ್ರಿಟಿ ಅನ್ನುವ ಟರ್ಮಿನಲ್. ಅದರಲ್ಲಿ ಪರದೆ ಭಾಗ ಮಾಡುವ ಸೌಲಭ್ಯವೇ ಇಲ್ಲ, ಟಿಮಕ್ಸ್ ಇರುವಾಗ ನನಗೆ ಬೇಕಾಗಿಯೂ ಇಲ್ಲ.

ಕುಂದಾಪುರ: ಲಾಗ್‌ನಲ್ಲಿ ಕನ್ನಡ ಹೆಸರು ಬರುತ್ತದಾದರೆ ಮೊದಲೇ ‘ಲಕ್ಷ್ಮಿ’ ಅಂತ ಎಕೋ ಮಾಡಿ (ಪರದೆಗೆ ಬರೆಸಿ) ನೋಡಿ. ಟರ್ಮಿನಲ್ ಅಂದರೆ ಚೌಕುಳಿ ಹಾಳೆ ಇದ್ದ ಹಾಗೆ, ಒತ್ತಕ್ಷರ ಆ ಚೌಕದೊಳಗೆ ಕೂರಲಿಕ್ಕೆ ಒದ್ದಾಡುತ್ತದೆ. ನಾನು ಅಂಥ ಫೈಲನ್ನು ಎಡಿಟರಿನಲ್ಲೇ ಓದುವುದು. ವಿಂಡೋಸ್ ಇದ್ದವರಿಗೆ ಕಿಟ್ಟಿ ಇಲ್ಲ, ವೆಜ್‌ಟರ್ಮ್ ಅನ್ನುವ ಟರ್ಮಿನಲ್ ನೋಡಿ.

ಕಂಕನಾಡಿ: ಸುರತ್ಕಲ್‌ನವರು ಹೇಳಿದ್ದೇ ಸರಿ, ಇಲ್ಲಿ ಕ್ಯಾಟ್ ಮಾಡಿದರೆ ಎಂತ ತೊಂದರೆಯೂ ಇಲ್ಲ. ಎರಡು ಸರ್ವರ್‌ಗೆ ಟಿಮಕ್ಸ್ ಹಾಕಿದೆ, ಈಗ ಕಂಟ್ರೋಲ್-ಸಿ ಒತ್ತಿದ ಕೂಡಲೇ ನಿಲ್ಲುತ್ತದೆ. ಕಿಟ್ಟಿಯನ್ನೂ ಹಾಕಿದ್ದೇನೆ, ಆ ಕಂಟ್ರೋಲ್-ಶಿಫ್ಟ್-ಎಚ್‌ಗೋಸ್ಕರ. ಆದರೆ ಟಿಮಕ್ಸ್ ಒಳಗಿರುವಾಗ ಅದರಲ್ಲಿ ಹಳೆಯ ಸಾಲು ಸಿಗುವುದಿಲ್ಲವಲ್ಲ?

ಸುರತ್ಕಲ್: ಇಲ್ಲ. ಟಿಮಕ್ಸಿನ ಸಾಲು ಟಿಮಕ್ಸಿನ ಹತ್ತಿರವೇ. ಕಂಟ್ರೋಲ್-ಬಿ ಒತ್ತಿ ಬಿಟ್ಟು ತೆರೆಯುವ ಚೌಕ ಬ್ರ್ಯಾಕೆಟ್ ‘[’ ಒತ್ತಿ, ಹಳೆಯ ಸಾಲು ನೋಡಬಹುದು.