ಸಹಾಯ ಬೇಕು: ಸೀಸ ಬೆರೆತ ಮಣ್ಣಿನ ಮಾದರಿಗಳು ತಾಳೆಯಾಗುತ್ತಿಲ್ಲ

ಹಿಂದೆ ಬ್ಯಾಟರಿ ಒಡೆಯುತ್ತಿದ್ದ ಜಾಗ, ಮುಂದೆ ಮನೆಗಳು ಬರಲಿವೆ. ಮಣ್ಣಿನಲ್ಲಿ ಸೀಸವಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಅಗೆದು ಸಾಗಿಸಬೇಕಿಲ್ಲ. ಪುಟ್ಟ ಮಕ್ಕಳ ಬೆರಳಿಗೆ ಅಂಟಿ ಬಾಯಿಗೆ ಹೋಗುವ ಮಣ್ಣಿನಲ್ಲಿ ಹೊಟ್ಟೆಯಲ್ಲಿ ಕರಗುವ ಪಾಲು ಎಷ್ಟು ಎಂಬುದೇ ಮುಖ್ಯ.

ಜಾಗವನ್ನು ಮೂರು ವಿಭಾಗ ಮಾಡಿ, ಪ್ರತಿ ವಿಭಾಗದಲ್ಲೂ ಮೇಲ್ಮಣ್ಣನ್ನು 30 ಕಡೆಯಿಂದ ಸ್ವಲ್ಪಸ್ವಲ್ಪ ತೆಗೆದು ಒಂದು ಮಾದರಿ, ಹೀಗೆ ಮೂರು ಮಾದರಿ. ಒಣಗಿಸಿ, 150 ಮೈಕ್ರಾನ್ ಜರಡಿ ಹಿಡಿದು, ಹೊಟ್ಟೆಯ ಆಮ್ಲವನ್ನು ಹೋಲುವ, ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 1.5ರ ಗ್ಲೈಸಿನ್ ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ತಿರುಗಿಸಿದ್ದು; 1 ಗ್ರಾಂ ಮಣ್ಣಿಗೆ 100 ಮಿ.ಲೀ.

ಎರಡು ವಿಭಾಗ ಸರಿಯಾಗಿವೆ. ಮೂರನೆಯದರಲ್ಲಿ ಒಟ್ಟು ಸೀಸ ಮಾದರಿಯಿಂದ ಮಾದರಿಗೆ ದುಪ್ಪಟ್ಟು ವ್ಯತ್ಯಾಸ. ಜರಡಿಯ ಮೇಲೆ ಉಳಿದ ಮಣ್ಣಿನಲ್ಲಿ ಸಾಸಿವೆಗಿಂತ ಚಿಕ್ಕ ಬೂದು ಲೋಹದ ಚೂರುಗಳು ಕಾಣುತ್ತವೆ, ಅಂಥದ್ದೇ ಇನ್ನೂ ಸಣ್ಣ ಚೂರುಗಳು ಜರಡಿಯಿಂದ ಇಳಿದು ಗೊಂದಲ ಮಾಡುತ್ತಿರಬೇಕು. ಮಣ್ಣನ್ನು ಅರೆದರೆ ಒಟ್ಟು ಸೀಸದ ಅಂಕಿ ಸ್ಥಿರವಾಗುತ್ತದೆ, ಆದರೆ ಕರಗುವ ಪಾಲು ಸುಳ್ಳಾಗಿ ಏರುತ್ತದೆ, ಹಾಗಾಗಿ ಅರೆಯುವಂತಿಲ್ಲ.

30ರ ಬದಲು 100 ಕಡೆ ತೆಗೆದರೆ ಸಾಕೇ, ಅಥವಾ ವಿಭಾಗವನ್ನೇ ಚಿಕ್ಕದಾಗಿ ಒಡೆಯಬೇಕೇ? ಇನ್ನೊಂದು: ಸುಣ್ಣದಂಶದಿಂದ ಒಂದು ಮಾದರಿಯ ಪಿಎಚ್ ಕೊನೆಗೆ 2.1ಕ್ಕೆ ಏರಿತು. 0.5ಕ್ಕಿಂತ ಹೆಚ್ಚು ಸರಿದರೆ ಫಲಿತಾಂಶ ಕೈಬಿಡಬೇಕು. ಮರುಪರೀಕ್ಷೆಯಲ್ಲಿ ಆಮ್ಲವನ್ನು ಯಾವಾಗ, ಎಷ್ಟೆಷ್ಟು ಹನಿಸುತ್ತೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.